ಅಂಟಿಲ್ಲದ ಕಡ್ಡಿ

ಟ್ರಾಲರುಗಳು ದಡಕ್ಕೆ ಬಂದು ಮಲಗುವ ತಿಂಗಳು.
ಬೈತಖೋಲದ ನನ್ನ ಚಪ್ಪರಕ್ಕೆ
ಟೆಂಪೋದಲ್ಲಿ ಬಂತು ಆಳುದ್ದದ ಕರಿಪೆಟ್ಟಿಗೆ,
ಹಿಂದೆಯೇ ಕೊಡೆ ಹಿಡಿದ ತಳೇಕರರ ಪ್ರೀತಲ,
ಅವಳ ಹಿಂದೆ ಬೆವರಿ ಕೆಂಪಾದ ಯೆಫೀಮ್ ಸಾಹೇಬ,
ರಷ್ಯದವನು, ಹಡಗಿನ ಬಾಯ್ಲರ್ ನೋಡುವವನು.

"ಮೇಸ್ತಮಾಮ, ಇದು ಚೆಲ್ಲೋ.
ಶುಕ್ರವಾರ ಕೋಡಿಬಾಗದಲ್ಲಿ ನಾಲ್ವರು ಕೂಡಿ ನುಡಿಸ್ತಾರೆ,
ಎರಡು ಪಿಟೀಲು, ಒಂದು ದಪ್ಪ ಪಿಟೀಲು, ಮತ್ತೆ ಇದು.
ಇದರ ಜೀವ ಬಿದ್ದುಹೋಗಿದೆ."

ಜೀವವೋ?
ಹೊಟ್ಟೆಯೊಳಗೆ ಗೇಣಿಗೂ ಕಮ್ಮಿ ಒಂದು ಕಡ್ಡಿ,
ಅಲ್ಲಾಡಿಸಿದರೆ ಗೊಡಗೊಡ.
ಅವರ ಮಾತಿನಲ್ಲಿ ಅದು ದೂಷ್ಕಾ,
ಅಂದರೆ ಪುಟ್ಟ ಜೀವ, ಎಂದಳು ಪ್ರೀತಲ.
ನಾನು ನಕ್ಕೆ. ಸಾಹೇಬ ನಗಲಿಲ್ಲ.

ನಲವತ್ತು ಮಳೆಗಾಲ ಹೆಬ್ಬಲಸಿನ ಹಲಗೆ ಬಾಗಿಸಿದ ಕೈ ಇದು.
ನನ್ನ ವಿದ್ಯೆಯೆಲ್ಲ ಇಷ್ಟೇ: ನೀರು ಒಳಗೆ ಬರಬಾರದು.
ಸೀಳಿಗೆ ಹತ್ತಿ ಗಿಡಿದು, ರಾಳ ಕಾಯಿಸಿ, ಗೇರೆಣ್ಣೆ ಉಜ್ಜಿ…
ಇಲ್ಲಿ ನೋಡಿದರೆ
ಎದೆಯ ಮೇಲೆ ಬೇಕೆಂದೇ ಎರಡು ತೂತು ಕೊರೆದ ದೋಣಿ.
ಯಾವ ಹುಚ್ಚ ಮಾಡಿದನಪ್ಪ ಅನಿಸಿದ್ದು ಸುಳ್ಳಲ್ಲ.

ಕಡ್ಡಿ ಹೊರಗೆ ತೆಗೆದೆ. ನಮ್ಮ ಹವೆಗೆ ಉಬ್ಬಿ ತುದಿ ಬಿರಿದಿತ್ತು.
ಹೊಸತಾಗಬೇಕು. ಮರ?
ಸಾಗವಾನಿ ಭಾರ. ಹಲಸು ಹಠಮಾರಿ.
ಗಾಳಿಮರ ಸೆಟೆದು ನಿಂತೀತು, ಮಾತಾಡದು.
ಕೊನೆಗೆ ಹಬ್ಬುವಾಡದಲ್ಲಿ, ಗುಜರಿ ಮೈದೀನನ ಹಿತ್ತಿಲಲ್ಲಿ,
ಕೋಳಿಗೂಡಾಗಿದ್ದ ಒಂದು ಪ್ಯಾಕಿಂಗ್ ಪೆಟ್ಟಿಗೆ,
ಅವರ ಸೀಮೆಯಿಂದ ಯಂತ್ರದ ಬಿಡಿಭಾಗ ಹೊತ್ತು ಬಂದದ್ದು.
ನೀಲಿ ಮಸಿಯ ಅಕ್ಷರ, ಅದರ ಮೇಲೆ ಹಿಕ್ಕೆ.
ಹಗುರ ಬಿಳಿಮರ. ಬಾಚಿದ ಕೂದಲಿನಂತೆ ಎಳೆ ಒತ್ತೊತ್ತು.
ಚಳಿಯಲ್ಲಿ ಬೆಳೆದ ಮರಕ್ಕೆ ಅವಸರವಿಲ್ಲ.

ಒಂದು ಪಟ್ಟಿ ಸೀಳಿದೆ. ವಾಸನೆ ಎದ್ದಿತು.
ಸಾಹೇಬ ಸಿಬಿರೊಂದನ್ನು ಎತ್ತಿ ಮೂಗಿಗೆ ಹಿಡಿದ,
ಆಮೇಲೆ ಅತ್ತ ತಿರುಗಿ ನಿಂತ, ಬಹಳ ಹೊತ್ತು,
ಐಸ್ ಕಾರ್ಖಾನೆಯ ಗೋಡೆ ಓದುವವನಂತೆ.
ಪ್ರೀತಲ ಅನುವಾದ ಮಾಡಲಿಲ್ಲ. ಮಾತೇ ಇರಲಿಲ್ಲ.

ಸೈಕಲ್ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿ
ತೂತಿನಿಂದ ಒಳಗಿಳಿಸಿ, ಬೀಳಿಸಿ, ಎತ್ತಿ, ಬೀಳಿಸಿ,
ರುಕ್ಮಾ ಗಂಜಿಗೆ ಮೂರು ಸಲ ಕರೆದಳು.
ಮೊಳೆ ಹೊಡೆಯಬಾರದಂತೆ. ಅಂಟು ಹಾಕಬಾರದಂತೆ.
ಮೇಲಿನ ಹಲಗೆ ಒತ್ತುತ್ತದೆ, ಕೆಳಗಿನದು ತಡೆಯುತ್ತದೆ,
ನಡುವೆ ತಾನಾಗಿ ನಿಲ್ಲಬೇಕು.
ನಿಂತಿತು, ದೀಪ ಹಚ್ಚುವ ಹೊತ್ತಿಗೆ.

ಶುಕ್ರವಾರ ಇಸ್ತ್ರಿ ಅಂಗಿ ಹಾಕಿ ಹೋದೆ.
ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಳಮುಖವಾಗಿ.
ಕಾಗದ ಹಾರದಂತೆ ಬಟ್ಟೆಗೆ ಹಾಕುವ ಕ್ಲಿಪ್ಪು.
ಗಲೀನಾಬಾಯಿ ಮೂಗಿನಿಂದ ಒಂದು ಉಸಿರೆಳೆದಳು, ಅಷ್ಟೇ,
ನಾಲ್ಕು ಕಮಾನು ಒಟ್ಟಿಗೆ ಇಳಿದವು.
ಭಾಗವತನಿಲ್ಲ, ಮುಂದೆ ನಿಂತು ಕೈ ಬೀಸುವವನಿಲ್ಲ.
ತೀರಿಹೋದ ಗೆಳೆಯನಿಗಾಗಿ ಬರೆದದ್ದಂತೆ.
ಹಿಮದ ಊರಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ,
ಹತ್ತು ಜನರೆದುರು ನುಡಿಸುತ್ತಿದ್ದದ್ದು.
ಇಲ್ಲಿ ಕಿಟಕಿ ತೆರೆದೇ ಇತ್ತು. ಕಾಳಿಯ ಇಳಿತ,
ಕೆಸರಿನ ವಾಸನೆ, ಸೇತುವೆಯ ಮೇಲೊಂದು ಲಾರಿ.

ನನಗೆ ರಾಗ ತಿಳಿಯದು.
ಒಂದು ಪಿಟೀಲು ಅಳಲು ಹೊರಟರೆ
ಇನ್ನೊಂದು ತೋಳು ಹಿಡಿದು ಸಾಕು ಅನ್ನುತ್ತಿತ್ತು.
ದಪ್ಪ ಪಿಟೀಲಿನ ರುಸ್ತಮ್ ಯಾರಿಗೂ ಕೇಳಿಸದಂತೆ ದುಡಿಯುತ್ತಿದ್ದ,
ರಂಪಣಿ ಎಳೆಯುವಾಗ ಹಗ್ಗದ ನಡುವಿನವನಂತೆ;
ಅವನು ಕೈಬಿಟ್ಟರೆ ಗೊತ್ತಾಗುವುದು.
ಮತ್ತೆ ಚೆಲ್ಲೋ. ಅದರ ತಳದ ತಂತಿ
ನೆಲದಲ್ಲಿ ಬಂತು, ಕುರ್ಚಿಯ ಕಾಲಲ್ಲಿ, ನನ್ನ ಮಂಡಿಯಲ್ಲಿ.
ನಿಲ್ಲು ಮಗನೇ, ನಿಲ್ಲು,
ಕೋಳಿಗೂಡಿನ ಹಲಗೆಯನ್ನು ಮನಸ್ಸಲ್ಲೇ ಬೈದೆ.

ಕೂಲಿ ಎಷ್ಟು ಅಂದರು.
ಹಳೆಯ ಕಡ್ಡಿ ನನಗಿರಲಿ ಅಂದೆ.
ಪೆನ್ಸಿಲ್ ಜೊತೆ ಕಿವಿಯ ಮೇಲೆ ಸಿಕ್ಕಿಸುತ್ತೇನೆ,
ಗೆರೆ ಎಳೆಯಲು ಬಾರದು, ಗೊತ್ತು.
ನಿನ್ನೆ ರುಕ್ಮಾ ಒಲೆಗೆ ಹಾಕಲು ಹೊರಟಿದ್ದಳು.
ಕಿತ್ತುಕೊಂಡೆ.
ಏನದು ಅಂದಳು.
ಹೇಳಿದರೆ ನಗುತ್ತಾಳೆ.