ಮೂರನೇ ಗೇರು

ಕ್ಯಾಬಿನ್ನಿನ ಮ್ಯಾಟ ಎತ್ತಿದರ ಮೊದಲ ಕಂಡದ್ದು ಇರುವಿ.
ಗೇರಿನ ಕಡ್ಡಿ ಬುಡದಾಗ, ರಬ್ಬರ ಹರದಲ್ಲಿಂದ
ಸಾಲ ಹಿಡದು ಮ್ಯಾಲ ಬರತಿದ್ದವು.
ಮಹಾಲಿಂಗಪುರದ ಬೆಲ್ಲ ಎಷ್ಟ ವರ್ಷ ಹೊತ್ತೈತಿ ಈ ಗಾಡಿ
ಅನ್ನೂ ಲೆಕ್ಕ ಅವಕ್ಕ ಗೊತ್ತು.

ಯಮನೂರಪ್ಪ ಕೆಳಗಿಳದು ಎಡಗಾಲ ಝಾಡಿಸಿದ.
"ಮೂರನೇದು ನಿಂದರವಲ್ದೋ.
ಎಕ್ಸಲೇಟರ ಬಿಟ್ಟರ ಸಾಕು, ಕಡ್ಡಿ ತಾನ ಹೊರಗ ಜಿಗಿತೈತಿ.
ಮೊಣಕಾಲ ಒತ್ತಿ ಹಿಡದು ಹೊಡಕೊಂಡ ಬಂದೀನಿ
ಹೊಳಿ ದಾಟಿ, ಚಿಕ್ಕಪಡಸಲಗಿಯಿಂದ ಜಮಖಂಡೀತನಾ."
ನೋಡಿದೆ. ಪ್ಯಾಂಟಿನ ಎಡ ಮೊಣಕಾಲಿಗೆ
ಎರಡ ಪದರ ತ್ಯಾಪಿ.
ಹೊಲಿಗಿ ಒಪ್ಪ ಇತ್ತು.

ಕಸ್ತೂರೆವ್ವಗ ಫೋನ ಹಚ್ಚಿದೆ, ಗಾಡಿ ಆಕೀದು.
"ರಿಪೇರಿಗೆ ಎಷ್ಟ, ಬ್ಯಾರೇ ಬಾಕ್ಸಿಗೆ ಎಷ್ಟ,
ಗುಜರಿಗೆ ಕಿಲೋದ ಲೆಕ್ಕದಾಗ ಹೋದರ ಎಷ್ಟ?"
ಮೂರೂ ಒಂದ ಉಸುರಿನಾಗ.
ಆಮ್ಯಾಲ ಸುಮ್ಮನಾಗಿ, "ಬಿಚ್ಚರೆ ನೋಡು ಮೊದಲ."

ಬಿಚ್ಚೂದಂದ್ರ,
ಜಾಯಿಂಟ ರಾಡ ಇಳಿಸಿ, ಬೋಲ್ಟಿಗೆ ಡೀಸೆಲ್ ಕುಡಿಸಿ,
ಹತ್ತೊಂಬತ್ತರ ಪಾನಾಕ್ಕ ಪೈಪ ತೊಡಿಸಿ ಜೋತಬಿದ್ದು,
ಚೈನಪುಲ್ಲಿಗೆ ಕಟ್ಟಿ,
ಆಕಳ ಕರ ಹಾಕುವಾಗ ಹಿಡದಂಗ
ಹಗೂರಕ ಹಿಂದಕ್ಕ ಎಳಕೋಳೂದು.

ಎಣ್ಣಿ ಇಳಿಸಿದೆ. ಕರೇ ಎಣ್ಣಿಯೊಳಗ
ಅರಿಷಿಣ ಕಲಸಿದಂಗ ಹಿತ್ತಾಳಿ ಪುಡಿ.
ಬೆರಳ ನಡುವ ತಿಕ್ಕಿ ನೋಡಿದೆ:
ಇಷ್ಟ ವರ್ಷ ಏರಿದ ದಿನ್ನಿ ಎಲ್ಲಾ ಇಲ್ಲೇ ತಳಾ ಹಿಡದು ಕುಂತಿದ್ದವು.

ಒಂದನೇದರ ಹಲ್ಲ ಗಟ್ಟಿ. ನಾಕನೇದು ಹೊಸಾದರ ಗತಿ.
ಮೂರನೇದು ಮಾತ್ರ
ಎಲಿ-ಅಡಕಿ ಕುಟ್ಟಿಸಿಕೊಂಡು ತಿನ್ನವರ ಬಾಯಿ.
ಫೋರ್ಕು ಒಂದ ಬದಿ
ದಿನಾ ಮಸದ ಚಾಕುವಿನಂಗ ತೆಳ್ಳಗ.

ಸ್ಪ್ರಿಂಗಿನ ಟೊಪಗಿ ತಿರುವಿದೆ.
ಟೊಪಗಿಗೂ ಸ್ಪ್ರಿಂಗಿಗೂ ನಡುವ
ಒಂದ ಸಣ್ಣ ಬಿಲ್ಲಿ. ಚಿಂದೀಲೆ ಒರಸಿದೆ.
ಹಳೇ ಹಿತ್ತಾಳಿ ಇಪ್ಪತ್ತ ಪೈಸಾ,
ಸುತ್ತ ಕಾನಸ ಹಾಕಿ ಸಣ್ಣ ಮಾಡಿದ್ದು.
ಕಮಲದ ಎರಡ ಎಸಳ ಉಳದಿದ್ದವು.

ಆ ಕಾನಸಿನ ಗೀರು ನನಗ ಗೊತ್ತು.
ಎಡಗೈ ಮನಶ್ಯಾ ಎಳದಂಗ ಓರೆ.
ಮೋದಿನಸಾಬ, ನನ್ನ ಉಸ್ತಾದ.
ಡಬ್ಬಿ ತಗಡ ಕತ್ತರಿಸಿ ನಾ ವಾಶರ ಮಾಡಿದ್ದಕ್ಕ
ಎಲ್ಲಾರ ಮುಂದ ಕಪಾಳಕ್ಕ ಕೊಟ್ಟವ.
"ಜುಗಾಡ ಮಾಡಾವ ಮೆಕ್ಯಾನಿಕ್ ಅಲ್ಲಲೇ, ಜೂಜಗಾರ" ಅಂದವ.
ಯಾವ ರಾತ್ರಿಯೋ, ಯಾರ ಅವಸರವೋ,
"ಇದೊಂದ ಟ್ರಿಪ್ಪಿಗೆ ನಡೀತೈತಿ, ಹೋಗ" ಅಂದಾನು.
ಹದಿನೆಂಟ ವರ್ಷ ನಡದೈತಿ.

ನಾ ಒಬ್ಬನ ನಕ್ಕೆ.
"ಏನಾತಣ್ಣಾ?" ಅಂದ ಗಾಡಿ ಬುಡಕಿದ್ದ ಹುಡುಗ.
ಏನಿಲ್ಲ, ಪಾನಾ ಕೊಡು.

ಮಿರಜಿನ ಗುಜರಿಯಿಂದ ಮೂರನೇ ಜೋಡಿ ಬಂತು,
ಫೋರ್ಕು, ಸ್ಪ್ರಿಂಗು, ಎರಡ ಬೇರಿಂಗು ಹೊಸಾವು.
ಗುಜರಿ ಗೇರಿಗೂ ಒಂದ ಸವಕಳಿ ಇತ್ತು,
ಯಾರ ಕೈಯೋ, ಯಾವ ಘಾಟಿನ ಏರೋ.
ಕೂಡಿಸಿ, ಕೈಲೇ ತಿರುವಿ, ಕಿವಿ ಹಚ್ಚಿ ಕೇಳಿದೆ:
ಮೊದಲ ಗುದ್ದಾಡಿದವು,
ಸಂಜೀತನಕ ಒಂದರ ಮಾತ ಒಂದಕ್ಕ ತಿಳೀತು.

ಬಿಲ್ಲು ಬರದೆ. ಯಮನೂರಪ್ಪ ಗದ್ದ ತುರಿಸಿಕೊಂಡ.
"ಏನರೆ ಕಡಿಮಿ ಮಾಡೋ, ಅಕ್ಕಾರು ಬೈತಾರ."
"ಇಪ್ಪತ್ತ ಪೈಸಾ ಬಿಟ್ಟೀನಿ" ಅಂದೆ.
ಅವಗ ತಿಳೀಲಿಲ್ಲ. ಅಂಗಿ ಕಿಸೆದಾಗ
ಎರಡ ಎಸಳಿನ ಕಮಲ ಇನ್ನೂ ಎಣ್ಣಿ ನಾರತಿತ್ತು.

ಟ್ರಾಯಲ್ಲಿಗೆ ಕುಡಚಿ ರೋಡಿಗೆ ಹೋದ್ವಿ.
ಒಂದು. ಎರಡು. ಏರಿನಾಗ ಮೂರು.
ಕೂತಿತು, ಬಾಗಲದ ಚಿಲಕ ಬಿದ್ದಂಗ.
"ಎಕ್ಸಲೇಟರ ಬಿಡು" ಅಂದೆ. ಬಿಟ್ಟ. ನಿಂತಿತು.
ಮತ್ತ ಬಿಟ್ಟ. ನಿಂತಿತು.
"ಸಪ್ಪಳನ ಇಲ್ಲಲ್ಲೋ ಮಾರಾಯಾ,
ಹಿಂಗಾದರ ನಿದ್ದಿ ಬರತೈತಿ."

ಕೆಳಗ ನೋಡಿದೆ.
ತ್ಯಾಪಿ ಹಾಕಿದ ಮೊಣಕಾಲು
ಕಡ್ಡಿಗೆ ಒತ್ತಿಕೊಂಡ ಕುಂತಿತ್ತು.
"ಕಾಲ ತಗೀ ಯಮನೂರಪ್ಪ."
"ತಗದೀನಲ್ಲೋ" ಅಂದ.