ಟವೆಲ್ಲಿನ ಕೆಳಗ

ಕೈ ಕುಲುಕೋದಂದ್ರ ಮೂರು ಸೆಕೆಂಡು,
ಗಟ್ಟಿ ಹಿಡೀಬೇಕು, ಕಣ್ಣಾಗ ಕಣ್ಣಿಟ್ಟು.
ವೈಜನಾಥ ಸರು ಬೋರ್ಡಿನ ಮ್ಯಾಲೆ ಬರದ್ರು,
ನಾವು ಜೋಡಿ ಜೋಡಿ ನಿಂತೆವು.
ತಸ್ನೀಮಳ ಅಂಗೈಯಾಗ ಅಕ್ಕನ ಮದುವಿ ಮೆಹಂದಿ,
ನನ್ನ ಅಂಗೈಯಾಗ ಬೆವರು.
ನೈಸ್ ಟು ಮೀಟ್ ಯೂ, ಅಂದಳು
ಸೇಡಂ ರೋಡಿನ ಬಸ್ಸಿನಾಗ ಎರಡು ವರ್ಷ
ನನ್ನ ಹೆಗಲಿಗೆ ತಲಿಯಿಟ್ಟು ಮಲಗಿ ಬಂದಾಕಿ.

ನೆಹರು ಗಂಜಿನಾಗ ನಮ್ಮಪ್ಪನೂ ಕೈ ಹಿಡೀತಾನ.
ಮ್ಯಾಲೊಂದು ಟವೆಲ್ಲು.
ಒಳಗ ಬೆರಳಿಗೆ ಬೆರಳು ಒತ್ತತಾವ, ಬಿಡತಾವ,
ತೊಗರಿ ಧಾರಣಿ ಏರ್ತದ, ಇಳೀತದ.
ಕಣ್ಣು ಮಾತ್ರ ಎಲ್ಲೋ
ಗ್ವಾಡಿ ಮ್ಯಾಲಿನ ಹೋದ ವರ್ಷದ ಕ್ಯಾಲೆಂಡರಿನಾಗ.
ಲಾತೂರಿನ ಸಾಹುಕಾರ, ಹೈದರಾಬಾದಿನ ಸೇಠ,
ಯಾರ ಭಾಷಾನೂ ಅವಗ ಪೂರಾ ಬರೂದಿಲ್ಲ.
ಎಷ್ಟು ಸೆಕೆಂಡು ಅಂತ ಎಣಿಸಿದವರೂ ಇಲ್ಲ.
ಹೆಣ್ಣಮಕ್ಕಳ ಕೈಮ್ಯಾಲೆ ಆ ಟವೆಲ್ಲು
ಬಿದ್ದದ್ದು ನಾ ನೋಡಿಲ್ಲ.

ಇವತ್ತಿನ ಹೋಂವರ್ಕು:
ಮಾಲು ಬ್ಯಾಡ ಅಂತ ಪತ್ರ ಬರೀರಿ,
ಸಂಬಂಧ ಕೆಡಬಾರದು.
ವಿ ರಿಗ್ರೆಟ್ ತನಕ ಬರದು ಪೆನ್ನು ನಿಂತ್ತು.
ಅಪ್ಪಾ, ನೀ ಹೆಂಗ ಬ್ಯಾಡ ಅಂತಿ?

ಅಂವ ನಗಲಿಲ್ಲ.
ಕೈ ಚಾಚು, ಅಂದ.
ಹೆಗಲಿನ ಟವೆಲ್ಲು ತಗದು ಹೊಚ್ಚಿದ.
ತೊಗರಿ ಧೂಳಿನ ವಾಸನಿ.
ನನ್ನ ಕಿರುಬೆರಳು ಒಮ್ಮೆ ಮೆಲ್ಲಗ ಮಡಚಿದ,
ಬಿಡಲಿಲ್ಲ,
ಹಂಗ ಹಿಡಕೊಂಡೇ ಕೇಳಿದ:
ಚಾ ಕುಡದೇನು?

ಪತ್ರದ ಕೊನಿಗೆ, ರಿಗಾರ್ಡ್ಸಿನ ಮ್ಯಾಲೆ,
ಚಾದ ಮಾತೊಂದು ಸೇರಿಸೀನಿ.
ಕಲಬುರಗಿಗೆ ಬಂದ್ರ ಅಂತ.
ಸರು ಕೆಂಪು ಗೆರಿ ಎಳದ್ರೂ ಎಳೀಲಿ.