ಕೂದಲೆಳೆಯಷ್ಟು ತಡ

ಸೊಂಟಕ್ಕೆ ಪಟ್ಟಿ, ತೊಡೆಗೆ ಪಟ್ಟಿ, ಮೀನಖಂಡಕ್ಕೆ ಪಟ್ಟಿ.
ಕಾಯೆತಾನ್ ಮಂಡಿಯೂರಿ ನನ್ನ ಬೂಟಿನ ದಾರ ಕಟ್ಟುತ್ತಾನೆ,
ಮೊದಲ ದಿನ ಶಾಲೆಗೆ ಹೊರಟ ಮಗುವಿಗೆ ಕಟ್ಟುವ ಹಾಗೆ.
ಬಿಗಿಯಾಯಿತಾ, ಯಾದ್ವಿಗಾ ಅವರೇ?
ಬಿಗಿಯೋ ಸಡಿಲವೋ ಎಡಗಾಲು ಹೇಳುತ್ತದೆ.
ಬಲಗಾಲು ಯಾರದೋ ಸಾಮಾನು,
ನನ್ನ ಬಳಿ ಇಟ್ಟು ಹೋಗಿದ್ದಾರೆ.

ಗುಂಡಿ ಒತ್ತಿದ. ಮೋಟಾರು ಗುಂಯ್ ಎಂದಿತು.
ಮಂಡಿ ಎತ್ತಿತು, ಚಾಚಿತು, ಇಟ್ಟಿತು.
ನಡೆದದ್ದು ಅದು. ನಾನು ಜೊತೆಗಿದ್ದೆ,
ಬಸ್ಸಿನಲ್ಲಿ ಕೂತವಳು ‘ಹೋಗಿಬಂದೆ’ ಅನ್ನುವ ಹಾಗೆ.

ವುಚ್ ಎಂದರೆ ಪೋಲಿಷ್‌ನಲ್ಲಿ ದೋಣಿ. ಊರಲ್ಲಿ ನದಿ ಕಾಣಿಸುವುದಿಲ್ಲ;
ಗಿರಣಿಗಳು ಕುಡಿದು ಬಿಟ್ಟದ್ದನ್ನು ರಸ್ತೆಯಡಿ ಹೂತಿದ್ದಾರೆ.
ಇಲ್ಲಿ ಇಪ್ಪತ್ತಾರು ವರ್ಷ, ಹನ್ನೆರಡು ಮಗ್ಗಗಳ ನಡುವೆ,
ಪಾಳಿಗೆ ಹದಿನೈದು ಕಿಲೋಮೀಟರು ನಡೆದವಳು ನಾನು,
ಒಂದೇ ಕೋಣೆಯೊಳಗೆ.
ಎಲ್ಲಿಗೂ ಹೋಗದೆ ನಡೆಯುವುದು ನನಗೇನೂ ಹೊಸದಲ್ಲ.

ಆ ಸದ್ದಿನಲ್ಲಿ ಮಾತು ಕೇಳದು, ತುಟಿ ನೋಡಿ ಹರಟುತ್ತಿದ್ದೆವು.
ಈಗ ನನ್ನ ಅರ್ಧ ತುಟಿಯನ್ನು ಓದಬಲ್ಲವಳು
ಗೆನೊವೆಫಾ ಒಬ್ಬಳೇ. ಭಾನುವಾರ ಬರುತ್ತಾಳೆ.

ಹನ್ನೊಂದನೆಯ ದಿನ ಕಿವಿ ಹಿಡಿಯಿತು:
ಗುಂಯ್, ಟಕ್. ಗುಂಯ್, ಟಕ್ಕ.
ಯಂತ್ರದ ಬಲ ಮಂಡಿಯಲ್ಲಿ ಕೂದಲೆಳೆಯಷ್ಟು ತಡ.
ಕೈ ಎತ್ತಿದೆ. ನೋವೇ? ಅಲ್ಲ. ತಲೆಸುತ್ತೇ? ಅಲ್ಲ.
ಬೇಕಾದ ಪದ ಬರಲಿಲ್ಲ. ‘ಲಾಳಿ’ ಎಂದೆ. ಮತ್ತೆ ‘ಲಾಳಿ’.
ಹುಡುಗ ಮರುಕದಿಂದ ಏನೋ ಬರೆದುಕೊಂಡ.
ಎರಡು ದಿನ ಬಿಟ್ಟು ಕಂಪನಿಯವನು ಬಂದು ಮುಚ್ಚಳ ಬಿಚ್ಚಿದ:
ಗೋಧಿಕಾಳಿನಷ್ಟು ತಿರುಪು, ಸಡಿಲ.

ಎಲ್ಲರೂ ನನ್ನ ಕಾಲನ್ನು ನೋಡುತ್ತಿದ್ದರು.
ನಾನು ಅದರ ಕಾಲನ್ನು.

ಎಳೆ ಕಡಿಯಿತೆಂದು ಯಾರೂ ಬಟ್ಟೆ ಹರಿಯುವುದಿಲ್ಲ.
ಮಗ್ಗ ನಿಲ್ಲಿಸಿ, ತುದಿಗಳೆರಡನ್ನೂ ಹುಡುಕಿ,
ಎಂಜಲು ಹಚ್ಚಿ ಹೊಸೆದು, ಒಂದು ಗಂಟು.
ಕಣ್ಣಿಗೆ ಕಾಣದು, ಬೆರಳಿಗೆ ಸಿಕ್ಕುತ್ತದೆ.

ಇವತ್ತು ಪರದೆಯ ಮೇಲೆ ಲೆಕ್ಕ ಬಂತು:
ನೂರರಲ್ಲಿ ತೊಂಬತ್ತೊಂದು ಪಾಲು ಯಂತ್ರದ್ದು, ಒಂಬತ್ತು ನನ್ನದು.
ಕಾಯೆತಾನ್ ಚಪ್ಪಾಳೆ ತಟ್ಟಿದ.
ಒಂಬತ್ತಕ್ಕೆ ಕೂಲಿ ಎಷ್ಟಪ್ಪಾ ಎಂದು ಕೇಳಹೊರಟೆ,
ಮಾತು ಅರ್ಧಕ್ಕೇ ನಿಂತಿತು.
ಅವನು ನಕ್ಕ. ಅರ್ಥವಾಗಿಯೋ, ಸುಮ್ಮನೆಯೋ.

ಪಟ್ಟಿ ಬಿಚ್ಚುವಾಗ, ಬೂಟಿನ ಕತ್ತಲಲ್ಲಿ,
ಬಲಗಾಲಿನ ಹೆಬ್ಬೆರಳಿಗೆ ಏನೋ ತಗುಲಿತು.
ಕಾಲುಚೀಲದ ಹೊಲಿಗೆ ಇರಬೇಕು.